ಫ್ಯೂಸ್ಲಿ, ಫ್ಲ್ಯಾಕ್ಸ್‌ಮನ್ ಚಿತ್ರಗಳ ಉಚಿತ ಫೈಲುಗಳು: ಯಾವ ಮ್ಯೂಸಿಯಂನದು ಪ್ರಿಂಟಿಗೆ ಒದಗುತ್ತದೆ?

ಗ್ರೀಕ್ ಮತ್ತು ರೋಮನ್ ಪುರಾಣದ ದೃಶ್ಯಗಳನ್ನು ರೊಮ್ಯಾಂಟಿಕ್ ಕಾಲದ (18ನೇ ಶತಮಾನದ ಕೊನೆ, 19ರ ಆರಂಭ) ಕಲಾವಿದರು, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಫ್ಯೂಸ್ಲಿ, ಇಂಗ್ಲಿಷ್ ಶಿಲ್ಪಿ ಫ್ಲ್ಯಾಕ್ಸ್‌ಮನ್‌ರಂಥವರು, ಕಾಗದದ ಮೇಲೆ ಬಿಡಿಸಿದ್ದು ಸಾವಿರಾರು ಇವೆ. ಗೋಡೆಯ ಮೇಲೆ ನೋಡಲು ಸಿಗುವುದು ಮಾತ್ರ ಬೆರಳೆಣಿಕೆಯಷ್ಟು. ಬೆಳಕು ತಾಗಿದಷ್ಟೂ ಕಾಗದ ಕಂದುತ್ತದೆ, ಮಸಿ ಮಾಸುತ್ತದೆ. ಆದ್ದರಿಂದ ಮ್ಯೂಸಿಯಂಗಳು ಇಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೂಗುಹಾಕಿ, ಆಮೇಲೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತವೆ. ಉಳಿದವರಿಗೆ ಇರುವ ದಾರಿ ಒಂದೇ, ಮ್ಯೂಸಿಯಂನ ವೆಬ್‌ಸೈಟಿನಿಂದ ಫೈಲ್ ಇಳಿಸಿಕೊಳ್ಳುವುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ (ಚಿಕ್ಕದಾಗಿ ಮೆಟ್), ನ್ಯೂ ಹೇವನ್‌ನ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್, ಈ ನಾಲ್ಕರ ಸೇವೆಯನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ನೋಡಿದೆ: ಫೈಲನ್ನು ನಿಜಗಾತ್ರದಲ್ಲಿ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರೆ, ಕಲಾವಿದನ ಕೈ ಹೇಗೆ ಓಡಿದೆ ಎಂಬುದನ್ನು ಅದರಲ್ಲಿ ಓದಬಹುದೇ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪೆನ್ನಿನ ಗೆರೆಯಲ್ಲೇ ಮುಗಿದ ಚಿತ್ರವಾದರೆ ಉಚಿತ ಫೈಲು ಧಾರಾಳ ಸಾಕು. ವಾಶ್, ಅಂದರೆ ನೀರು ಬೆರೆಸಿದ ಮಸಿಯನ್ನು ಕುಂಚದಿಂದ ಬಳಿದದ್ದು, ಇದ್ದರೆ ಫೈಲನ್ನು ಪರೀಕ್ಷಿಸಿಯೇ ಪ್ರಿಂಟಿಗೆ ಕೊಡಬೇಕು. ಬಣ್ಣದ ಕಾಗದದ ಮೇಲೆ ಕಪ್ಪು-ಬಿಳಿ ಚಾಕ್‌ನಲ್ಲಿ ಬಿಡಿಸಿದ್ದಾದರೆ ಯಾವ ಮ್ಯೂಸಿಯಂನ ಫೈಲೂ ನಿಮ್ಮ ಪ್ರಿಂಟನ್ನು ಉಳಿಸಲಾರದು. ಅದನ್ನು ಪರದೆಯ ಮೇಲೆ ನೋಡಿ ತೃಪ್ತಿಪಡುವುದೇ ಮೇಲು.

ಸೇವೆಯ ಮಟ್ಟಿಗೆ ಮೆಟ್ರೊಪಾಲಿಟನ್ನಿಗೇ ಮೊದಲ ಸ್ಥಾನ. 2017ರ ಫೆಬ್ರವರಿಯಲ್ಲಿ ಅದು ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಸುಮಾರು 3,75,000 ಫೋಟೊಗಳನ್ನು ಸಿಸಿ ಝೀರೋ ಪರವಾನಗಿಯಡಿ, ಅಂದರೆ ಯಾರು ಹೇಗೆ ಬೇಕಾದರೂ ಬಳಸಬಹುದೆಂದು, ಬಿಟ್ಟುಕೊಟ್ಟಿತು. ಲಾಗಿನ್ ಬೇಡ, ಅರ್ಜಿ ಬೇಡ, ಯಾವುದಕ್ಕೆ ಬೇಕೆಂದು ಕೇಳುವವರೂ ಇಲ್ಲ. ಚಿತ್ರದ ಕೆಳಗಿನ ಬಾಣದ ಗುರುತು ಒತ್ತಿದರೆ ಜೆಪೆಗ್ ಇಳಿಯುತ್ತದೆ. ಹುಡುಕುವಾಗ ಓಪನ್ ಆ್ಯಕ್ಸೆಸ್ ಎಂಬ ಫಿಲ್ಟರನ್ನು ಮೊದಲೇ ಒತ್ತಿಡಿ, ಇಲ್ಲವಾದರೆ ಫೋಟೊ ಇಲ್ಲದ ದಾಖಲೆಗಳ ನಡುವೆ ಅಲೆಯಬೇಕಾಗುತ್ತದೆ. ದೌರ್ಬಲ್ಯ ಒಂದಿದೆ. ಎಲ್ಲ ಫೋಟೊಗಳೂ ಒಂದೇ ಕಾಲದವಲ್ಲ. ಹೊಸದಾಗಿ ತೆಗೆದವು ಕಾಗದದ ನಾರು ಎಣಿಸುವಷ್ಟು ಸ್ಪಷ್ಟ; ಹಳೆಯ ಫಿಲ್ಮಿನಿಂದ ಸ್ಕ್ಯಾನ್ ಆದವು ಚಿಕ್ಕವು, ಬಣ್ಣ ಹಳದಿಗೋ ಕೆಂಪಿಗೋ ವಾಲಿದವು. ಎರಡೂ ಒಂದೇ ಪುಟವಿನ್ಯಾಸದಲ್ಲಿ ಕಾಣುವುದರಿಂದ, ಇಳಿಸಿ ತೆರೆದು ನೋಡುವವರೆಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಯೇಲ್ ಸೆಂಟರ್ ಈ ವಿಷಯಕ್ಕೆ ಹೇಳಿ ಮಾಡಿಸಿದ ಸಂಗ್ರಹ. ಪಾಲ್ ಮೆಲ್ಲನ್ ಕೂಡಿಸಿದ ಬ್ರಿಟಿಷ್ ಕಲೆಯನ್ನು ಆಧರಿಸಿ 1977ರಲ್ಲಿ, ಲೂಯಿ ಕಾನ್ ವಿನ್ಯಾಸ ಮಾಡಿದ ಕಟ್ಟಡದಲ್ಲಿ ತೆರೆದದ್ದು. ಫ್ಯೂಸ್ಲಿ, ಫ್ಲ್ಯಾಕ್ಸ್‌ಮನ್, ರೊಮ್ನಿ, ಬ್ಲೇಕ್ ಎಲ್ಲರೂ ಅಲ್ಲಿದ್ದಾರೆ. ಉಚಿತ ಚಿತ್ರಗಳ ನೀತಿ ಜಾರಿಗೆ ಬಂದದ್ದು 2011ರಲ್ಲಿ, ಅಂದರೆ ಮೆಟ್‌ಗಿಂತ ಆರು ವರ್ಷ ಮೊದಲು. ಜೆಪೆಗ್ ಜೊತೆಗೆ ಟಿಫ್ ಫೈಲು ಸಹ ಕೊಡುತ್ತಾರೆ ಎನ್ನುವುದು ದೊಡ್ಡ ಅನುಕೂಲ. ಸಣ್ಣ ಪೆನ್‌ಗೆರೆಯ ಪಕ್ಕದಲ್ಲಿ ಜೆಪೆಗ್ ಸಂಕೋಚನ ಒಂದು ಬಗೆಯ ಮಂಜು ಬಿಡುತ್ತದೆ. ಪರದೆಯಲ್ಲಿ 100 ಪ್ರತಿಶತಕ್ಕೆ ಹಿಗ್ಗಿಸಿದಾಗ ಗೆರೆಯ ಎರಡೂ ಬದಿ ಚೌಕಚೌಕವಾಗಿ ಕೊಳಕು ಕಾಣುವುದು ಅದೇ. ಟಿಫ್‌ನಲ್ಲಿ ಆ ತೊಂದರೆ ಇಲ್ಲ. ಫೈಲು ಭಾರ, ಇಳಿಯಲು ಹೊತ್ತು ಹಿಡಿಯುತ್ತದೆ ಎಂಬುದು ದೂರಾಗಬಾರದು.

ಬ್ರಿಟಿಷ್ ಮ್ಯೂಸಿಯಂ ತನ್ನ ಆನ್‌ಲೈನ್ ಸಂಗ್ರಹವನ್ನು 2020ರ ಏಪ್ರಿಲ್‌ನಲ್ಲಿ ಹೊಸದಾಗಿ ಕಟ್ಟಿತು. ಫ್ಯೂಸ್ಲಿ ರೋಮಿನಲ್ಲಿದ್ದ 1770ರಿಂದ 1778ರವರೆಗಿನ ಕಾಲದ ಚಿತ್ರಗಳಿರುವ ರೋಮನ್ ಆಲ್ಬಂ ಇರುವುದು ಅಲ್ಲೇ. ಗ್ರೀಕ್ ಕವಿ ಹೋಮರ್, ನಾಟಕಕಾರ ಈಸ್ಕಿಲಸ್‌ರ ದೃಶ್ಯಗಳು ಅವನ ತಲೆಯಲ್ಲಿ ಹೇಗೆ ಕುದಿಯುತ್ತಿದ್ದವು ಎಂದು ನೋಡಬೇಕಾದವರು ಅಲ್ಲಿಗೆ ಹೋಗಲೇಬೇಕು. ಇಲ್ಲಿ ಮಿಂಚುವುದು ಫೋಟೊಕ್ಕಿಂತ ದಾಖಲೆ. ಚಿತ್ರದ ಮೇಲೆ ಕಲಾವಿದ ಬರೆದದ್ದೇನು, ಹಾಳೆ ಯಾರ ಯಾರ ಕೈ ದಾಟಿ ಬಂತು, ಸಂಗ್ರಾಹಕರ ಮುದ್ರೆ ಯಾವುದು, ಕ್ಯುರೇಟರ್ ಏನು ಹೇಳಿದ್ದಾರೆ, ಹಲವು ಸಲ ಹಾಳೆಯ ಹಿಂಬದಿಯ ಫೋಟೊ, ಇಷ್ಟೂ ಒಂದೇ ಕಡೆ ಸಿಗುತ್ತದೆ. ಫ್ಯೂಸ್ಲಿಗೆ ಇದು ತುಂಬ ಮುಖ್ಯ. ಆತ ಚಿತ್ರದ ಮೂಲೆಯಲ್ಲಿ ಹೋಮರನ ಸಾಲನ್ನು ಗ್ರೀಕಿನಲ್ಲೇ ಗೀಚುತ್ತಿದ್ದ. ಊರಿನ ಮೊದಲಕ್ಷರ, ತಿಂಗಳು, ವರ್ಷ ಹಾಕುತ್ತಿದ್ದ. ದಾಖಲೆಯಲ್ಲಿ ಆ ಸಾಲು ಅಚ್ಚಾಗಿದ್ದರೆ ದೃಶ್ಯ ಯಾವುದೆಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ಆದರೆ ಉಚಿತ ಫೈಲಿನ ಗಾತ್ರ ಮೆಟ್, ಯೇಲ್ ಎರಡಕ್ಕಿಂತ ಚಿಕ್ಕದು. ದೊಡ್ಡದು ಬೇಕಿದ್ದರೆ ಮ್ಯೂಸಿಯಂನ ಚಿತ್ರ ಮಾರಾಟ ವಿಭಾಗಕ್ಕೆ ಬರೆದು ದುಡ್ಡು ಕೊಡಬೇಕು. ಸಾರ್ವಜನಿಕರ ಸೊತ್ತಾದ ಇನ್ನೂರು ವರ್ಷದ ಹಳೆಯ ಚಿತ್ರಕ್ಕೆ ಈ ಜಿಪುಣತನ ಬೇಡವಾಗಿತ್ತು.

ಲೂವ್ರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 2021ರ ಮಾರ್ಚ್‌ನಲ್ಲಿ ತೆರೆದ ಸಂಗ್ರಹ ತಾಣದಲ್ಲಿ 4,80,000ಕ್ಕೂ ಹೆಚ್ಚು ದಾಖಲೆಗಳಿವೆ, ಫ್ರೆಂಚ್ ಕಲಾವಿದ ಜೆರಿಕೊನ ಲೆಡಾ ಮತ್ತು ಹಂಸದಂಥ ಹಾಳೆಗಳೂ ಅದರಲ್ಲಿವೆ. ಫೈಲುಗಳು ಪರದೆಯ ಓದಿಗೆ ಸಾಕು, ನಿಜಗಾತ್ರದ ಪ್ರಿಂಟಿಗೆ ಸಾಲವು. ವಿವರಣೆ ಫ್ರೆಂಚಿನಲ್ಲಿದೆ.

ಹುಡುಕುವ ವಿಷಯದಲ್ಲಿ ನಾಲ್ಕೂ ಕಡೆ ಒಂದೇ ಗೋಳು. ಈ ಕಾಲದ ಕಲಾವಿದರು ಹೋಮರನ ಕತೆಗೂ ಲ್ಯಾಟಿನ್ ಹೆಸರನ್ನೇ ಬಳಸುತ್ತಿದ್ದರು. ಒಡಿಸಿಯಸ್ ಎಂದು ಹುಡುಕಿದರೆ ಸಿಗದ ಚಿತ್ರ ಯುಲಿಸಿಸ್ ಎಂದರೆ ಸಿಗುತ್ತದೆ; ಝ್ಯೂಸ್‌ಗೆ ಜುಪಿಟರ್, ಅಥೀನಾಗೆ ಮಿನರ್ವಾ, ಡಯೊನೈಸಸ್‌ಗೆ ಬ್ಯಾಕಸ್. ಎರಡೂ ಹೆಸರಿನಲ್ಲಿ ಒಂದೊಂದು ಸಲ ಹುಡುಕಿ. ಫ್ಯೂಸ್ಲಿಯನ್ನು ಸ್ವಿಸ್ ಮತ್ತು ಜರ್ಮನ್ ಸಂಗ್ರಹಗಳು ಫ್ಯೂಸ್‌ಲೀ (Füssli) ಎಂಬ ಮೂಲ ಕುಟುಂಬನಾಮದ ಕಾಗುಣಿತದಲ್ಲೇ ಇಟ್ಟಿರುತ್ತವೆ. ಸಿಕ್ಕ ಮೇಲೆ ಮಾಧ್ಯಮದ ಸಾಲನ್ನು ಓದಿ. ಫ್ಲ್ಯಾಕ್ಸ್‌ಮನ್ ಹೆಸರಿನಲ್ಲಿ ಬರುವ ಫಲಿತಾಂಶಗಳಲ್ಲಿ ಬಹುಪಾಲು ಅವನ ಕೈಯ ಚಿತ್ರವಲ್ಲ, ಅವನ ಚಿತ್ರ ನೋಡಿ ಬೇರೆಯವರು ತಾಮ್ರದ ತಗಡಿನಲ್ಲಿ ಕೊರೆದ ಎಂಗ್ರೇವಿಂಗ್. ದಾಖಲೆಯಲ್ಲಿ ಫ್ಲ್ಯಾಕ್ಸ್‌ಮನ್ ಹೆಸರಿಗೆ ಮುಂಚೆ ಆಫ್ಟರ್ ಎಂದಿದ್ದರೆ ಅದು ಎಂಗ್ರೇವಿಂಗ್, ಇಲ್ಲವೇ ಬೇರೆಯವರ ನಕಲು. ಪೆನ್ ಆ್ಯಂಡ್ ಇಂಕ್ ಓವರ್ ಗ್ರ್ಯಾಫೈಟ್ (ಪೆನ್ಸಿಲಿನ ಮೇಲೆ ಪೆನ್ನು, ಮಸಿ) ಎಂಬಂತೆ ಇದ್ದರೆ ಕೈಯಲ್ಲಿ ಬಿಡಿಸಿದ್ದು.

ಈ ವ್ಯತ್ಯಾಸ ಕಣ್ಣಿಗೂ ಗೊತ್ತಾಗುತ್ತದೆ. ಫ್ಲ್ಯಾಕ್ಸ್‌ಮನ್ ರೋಮಿನಲ್ಲಿದ್ದಾಗ ಬಿಡಿಸಿದ ಇಲಿಯಡ್, ಒಡಿಸಿ ಚಿತ್ರಗಳನ್ನು ಇಟಲಿಯ ಕೆತ್ತನೆಗಾರ ತೊಮ್ಮಾಸೊ ಪಿರೋಲಿ ಕೊರೆದು 1793ರಲ್ಲಿ ಅಚ್ಚು ಹಾಕಿದ. ಪಿರೋಲಿಯ ಗೆರೆ ತಲೆಯಿಂದ ಕಾಲಿನವರೆಗೆ ಒಂದೇ ದಪ್ಪ. ನೆರಳಿಲ್ಲ, ಹಿನ್ನೆಲೆಯಿಲ್ಲ. 1799ರಲ್ಲಿ ಜರ್ಮನಿಯ ವಿಮರ್ಶಕ ಆಗಸ್ಟ್ ವಿಲ್ಹೆಲ್ಮ್ ಶ್ಲೆಗೆಲ್ ಈ ಬರೀ ಹೊರಗೆರೆಯ ಶೈಲಿಯನ್ನು ಮೆಚ್ಚಿ ಅಥೇನಿಯಂ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದ. ಎಲ್ಲವನ್ನೂ ತೋರಿಸದ ಗೆರೆ ನೋಡುವವನ ಕಲ್ಪನೆಗೆ ಜಾಗ ಬಿಡುತ್ತದೆ ಎಂಬುದು ರೊಮ್ಯಾಂಟಿಕರಿಗೆ ಹಿಡಿಸಿದ ಗುಣ. ಆದರೆ ಮೂಲದ ಪೆನ್‌ಗೆರೆ ಅಷ್ಟು ಸಮವಾಗಿಲ್ಲ. ಹಿಮ್ಮಡಿಯ ಹತ್ತಿರ, ನಿಲುವಂಗಿಯ ನೆರಿಗೆ ತಿರುಗುವಲ್ಲಿ ಮಸಿ ತುಸು ದಪ್ಪಗಾಗುತ್ತದೆ, ಮುಂಗೈ ಮೇಲೆ ತೆಳುವಾಗುತ್ತದೆ. ಅಡಿಯಲ್ಲಿ ಪೆನ್ಸಿಲಿನ ಮೊದಲ ಯತ್ನ ಕಾಣುತ್ತದೆ. ಕೆಲವು ಕಡೆ ಪೆನ್ಸಿಲಿನ ತೋಳು ಒಂದು ಕಡೆ, ಮಸಿಯ ತೋಳು ಇನ್ನೊಂದು ಕಡೆ. ಒಳ್ಳೆಯ ಫೈಲಿನಲ್ಲಿ ಈ ಪೆನ್ಸಿಲು ಸ್ಪಷ್ಟವಾಗಿ ಬೂದು ಬಣ್ಣದಲ್ಲಿ ಉಳಿಯಬೇಕು. ಅದು ಅಳಿಸಿಹೋಗಿ ಬರೀ ಮಸಿ ನಿಂತಿದ್ದರೆ, ಫೋಟೊದ ಕಾಂಟ್ರಾಸ್ಟ್ ಏರಿಸಿದ್ದಾರೆ ಎಂದರ್ಥ. ಅಂಥ ಫೈಲು ಬೇಡ, ಅದು ಫ್ಲ್ಯಾಕ್ಸ್‌ಮನ್‌ನನ್ನು ಮತ್ತೆ ಪಿರೋಲಿ ಮಾಡುತ್ತದೆ.

ಇನ್ನು ಲೆಕ್ಕ. ಮ್ಯೂಸಿಯಂ ದಾಖಲೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅಳತೆ ಹಾಳೆಯದು, ಚಿತ್ರಿಸಿದ ಭಾಗದ್ದಲ್ಲ. ನಿಜಗಾತ್ರದ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಪೆನ್‌ಗೆರೆ ಗರಿಗರಿಯಾಗಿ ಬರುತ್ತದೆ. 30 ಸೆಂ.ಮೀ. ಅಗಲದ ಹಾಳೆ ಎಂದರೆ 11.8 ಇಂಚು, ಬೇಕಾದದ್ದು ಸುಮಾರು 3,540 ಪಿಕ್ಸೆಲ್. 4,000 ಪಿಕ್ಸೆಲಿನ ಫೈಲಿದ್ದರೆ ಇಂಚಿಗೆ ಸುಮಾರು 339 ಬರುತ್ತದೆ, ನೆಮ್ಮದಿ. ಅದೇ ಫೈಲು 50 ಸೆಂ.ಮೀ. ಹಾಳೆಯದಾದರೆ ಇಂಚಿಗೆ 203ಕ್ಕೆ ಇಳಿಯುತ್ತದೆ. ವಾಶ್ ಚಿತ್ರಕ್ಕೆ ಅದೂ ನಡೆಯುತ್ತದೆ, ಪೆನ್‌ಗೆರೆಗೆ ನಡೆಯದು. ಇಂಚಿಗೆ 150ಕ್ಕಿಂತ ಕೆಳಗಿನದನ್ನು ನಿಜಗಾತ್ರದಲ್ಲಿ ತೆಗೆಯಬೇಡಿ, ಸಾಫ್ಟ್‌ವೇರಿನಲ್ಲಿ ಹಿಗ್ಗಿಸಲೂ ಬೇಡಿ. ಹಿಗ್ಗಿಸುವ ತಂತ್ರಾಂಶ ಗೆರೆಯ ಅಂಚನ್ನು ತಾನೇ ಊಹಿಸಿ ನಯ ಮಾಡುತ್ತದೆ. ನಡುಗಿದ ಗೆರೆ ನೇರವಾಗುತ್ತದೆ, ಮಸಿ ಮುಗಿದು ಬಿರಿದ ಗೆರೆ ತುಂಬಿಕೊಳ್ಳುತ್ತದೆ. ನೋಡಬೇಕಾದದ್ದೇ ಅಲ್ಲಿ ಹೋಗಿಬಿಡುತ್ತದೆ.

ಗಾತ್ರದಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಎರಡೇ. ಒಂದು, ಫೋಟೊದಲ್ಲಿ ಹಾಳೆಯ ಸುತ್ತ ಬೂದು ಹಿನ್ನೆಲೆಯೋ ಮೌಂಟಿನ (ಹಾಳೆಯನ್ನು ಕೂರಿಸಿದ ರಟ್ಟಿನ) ಅಂಚೋ ಸೇರಿರುತ್ತದೆ. 4,000 ಪಿಕ್ಸೆಲಿನಲ್ಲಿ ಎರಡೂ ಬದಿ 150ರಂತೆ ಅಂಚಿಗೆ ಹೋದರೆ ಹಾಳೆ ಉಳಿಯುವುದು 3,700. ಇಡೀ ಫೈಲಿಗೆ 30 ಸೆಂ.ಮೀ. ಎಂದು ಅಳತೆ ಕೊಟ್ಟರೆ ಹಾಳೆ 27.75 ಸೆಂ.ಮೀ. ಆಗಿ ಬರುತ್ತದೆ. ಆದ್ದರಿಂದ ಮೊದಲು ಹಾಳೆಯ ಅಂಚಿಗೆ ಕತ್ತರಿಸಿ, ಆಮೇಲೆ ಅಳತೆ ಕೊಡಿ. ಹಾಳೆಯ ಅಂಚು ಸೊಟ್ಟಗಿದ್ದರೆ ಅತ್ಯಂತ ಅಗಲವಾದ ಕಡೆಗೆ ಕತ್ತರಿಸಿ, ಸೊಟ್ಟ ಅಂಚು ಕಾಣಲಿ. ಎರಡು, ಪ್ರಿಂಟರ್ ಡ್ರೈವರಿನಲ್ಲಿ ಫಿಟ್ ಟು ಪೇಜ್ ತಾನೇ ಒತ್ತಿಕೊಂಡಿರುತ್ತದೆ. ಅದನ್ನು ತೆಗೆದು 100 ಪ್ರತಿಶತ ಇಡಿ. ಹಾಳೆಯ ಹೊರಗೆ ಖಾಲಿ ಜಾಗದಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಹಾಕಿ ಪ್ರಿಂಟ್ ತೆಗೆದು ಸ್ಕೇಲಿನಿಂದ ಅಳೆದರೆ ಅನುಮಾನ ಉಳಿಯುವುದಿಲ್ಲ.

ವಾಶ್‌ಗೆ ಬರೋಣ. ಫ್ಯೂಸ್ಲಿ ಪೆನ್ನಿನಲ್ಲಿ ಆಕೃತಿಯನ್ನು ಸರಸರನೆ ಹಿಡಿದು, ಸುತ್ತಲೂ ಬೂದು ಅಥವಾ ಕಂದು ಮಸಿಯ ಕತ್ತಲೆ ಸುರಿಯುತ್ತಾನೆ. ದೇಹ ಹಾಳೆಯ ಬಿಳುಪಿನಲ್ಲೇ ಉಳಿದು ಕತ್ತಲೆಯಿಂದ ಹೊರಗೆ ಚಿಮ್ಮುತ್ತದೆ. ಹತ್ತಿರದಿಂದ ನೋಡಿದರೆ ಆ ಕತ್ತಲೆ ಒಂದೇ ಬಣ್ಣವಲ್ಲ. ಮೊದಲ ಪದರ ಒಣಗಿದ ಮೇಲೆ ಎರಡನೆಯದು ಬಿದ್ದ ಕಡೆ ಚೂಪಾದ ಅಂಚು, ಒದ್ದೆಯಿರುವಾಗಲೇ ಬಿದ್ದ ಕಡೆ ಹರಡಿದ ಅಂಚು, ಮಸಿ ಮಡುಗಟ್ಟಿ ಒಣಗಿದ ಕಡೆ ಕಪ್ಪು ಕರೆ. ಫೈಲು ಇದನ್ನು ಉಳಿಸಿದೆಯೇ ಎಂದು ತಿಳಿಯಲು ಯಾವುದಾದರೂ ಫೋಟೊ ತಂತ್ರಾಂಶದಲ್ಲಿ ತೆರೆದು, ಬಣ್ಣ ಅಳೆಯುವ ಡ್ರಾಪರನ್ನು ಅತ್ಯಂತ ಕಪ್ಪಾದ ಜಾಗದಲ್ಲಿಡಿ. ಕೆಂಪು, ಹಸಿರು, ನೀಲಿಯ ಮೂರೂ ಅಂಕಿ 0 ಎಂದು ತೋರಿಸುವ ಜಾಗ ಅಗಲವಾಗಿದ್ದರೆ ಆ ಕತ್ತಲೆಯೊಳಗಿನ ಕುಂಚದ ಓಟ ಹೋಯಿತೆಂದೇ ಲೆಕ್ಕ, ಅದು ಯಾವ ಪ್ರಿಂಟರಿನಿಂದಲೂ ವಾಪಸ್ ಬರುವುದಿಲ್ಲ. ಹಾಗೆಯೇ ಹಾಳೆಯ ಬಿಳಿಯಲ್ಲಿ ಮೂರೂ ಅಂಕಿ 255 ಬಂದರೆ ಕಾಗದದ ಬಣ್ಣವನ್ನೇ ತೊಳೆದುಬಿಟ್ಟಿದ್ದಾರೆ. ಇನ್ನೂರು ವರ್ಷದ ಚಿಂದಿ ಬಟ್ಟೆಯ ಕಾಗದ ಅಚ್ಚ ಬಿಳಿಯಾಗಿ ಉಳಿಯುವುದಿಲ್ಲ.

ಫ್ಯೂಸ್ಲಿಯ ಚಿತ್ರ ಇಳಿಸಿದವರು ಇನ್ನೊಂದನ್ನು ನೋಡಬೇಕು. ಆತ ಎಡಗೈಯಲ್ಲಿ ಬಿಡಿಸುತ್ತಿದ್ದ. ನೆರಳಿಗೆ ಹಾಕಿದ ಓರೆಗೀಟುಗಳು ಎಡ ಮೇಲ್ಗಡೆಯಿಂದ ಬಲ ಕೆಳಗಡೆಗೆ ಇಳಿಯುತ್ತವೆ. ಮ್ಯೂಸಿಯಂ ಬಿಟ್ಟು ಬೇರೆ ತಾಣದಿಂದ ಸಿಕ್ಕ ಫೈಲಿನಲ್ಲಿ ಗೀಟುಗಳೆಲ್ಲ ಎದುರು ದಿಕ್ಕಿಗೆ ವಾಲಿದ್ದರೆ, ಯಾರೋ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದ್ದಾರೆ, ಇಲ್ಲವೇ ಅದು ಚಿತ್ರ ನೋಡಿ ಮಾಡಿದ ಅಚ್ಚು. ಫ್ಯೂಸ್ಲಿ ಹಾಳೆಯನ್ನು ಬೆಳಕಿಗೆ ಹಿಡಿದು ಮುಂಬದಿಯ ಆಕೃತಿಯನ್ನು ಹಿಂಬದಿಗೂ ಇಳಿಸುತ್ತಿದ್ದ ಉದಾಹರಣೆಗಳಿವೆ. ಆದ್ದರಿಂದ ತೀರ್ಮಾನಕ್ಕೆ ಬರುವ ಮೊದಲು ಹಿಂಬದಿಯ ಫೋಟೊ ಇದೆಯೇ ನೋಡಿ. ರೋಮಿನ ಗೆಳೆಯರ ಬಳಗದಲ್ಲಿ ಆಡುತ್ತಿದ್ದ ಐದು ಚುಕ್ಕೆಯ ಆಟವೊಂದಿತ್ತು: ಮೊದಲೇ ಇಟ್ಟ ಐದು ಚುಕ್ಕೆಗಳಿಗೆ ತಲೆ, ಕೈ, ಕಾಲು ಸರಿಯಾಗಿ ಮುಟ್ಟುವಂತೆ ದೇಹ ಬಿಡಿಸಬೇಕು. ಬಾಸೆಲ್ ಮ್ಯೂಸಿಯಂನಲ್ಲಿರುವ ಫ್ಯೂಸ್ಲಿಯ ಪ್ರೊಮಿಥಿಯಸ್ ಹುಟ್ಟಿದ್ದು ಹಾಗೆ. ಅದರ ನಿಜಗಾತ್ರದ ಪ್ರಿಂಟೊಂದು ಕೈಯಲ್ಲಿದ್ದರೆ ಐದು ತುದಿಗಳನ್ನು ಸ್ಕೇಲಿಟ್ಟು ಹುಡುಕುವುದು ಚಿತ್ರಕಲೆ ಕಲಿಯುವವರಿಗೆ ಒಳ್ಳೆಯ ಪಾಠ.

ಚಾಕ್ ಚಿತ್ರಗಳ ಸಂಕಟ ಬೇರೆ. ಫ್ರೆಂಚ್ ಕಲಾವಿದ ಪ್ರೂದೋನ್ ನೀಲಿ ಕಾಗದದ ಮೇಲೆ ಕಪ್ಪು ಮತ್ತು ಬಿಳಿ ಚಾಕ್‌ನಲ್ಲಿ ಬಿಡಿಸುತ್ತಿದ್ದ. ಮಧ್ಯದ ಛಾಯೆಯನ್ನು ಕಾಗದವೇ ಕೊಡುತ್ತದೆ, ಕಪ್ಪು ಕೆಳಗೆ ಎಳೆಯುತ್ತದೆ, ಬಿಳಿ ಮೇಲೆ ಎತ್ತುತ್ತದೆ. ಮೂಲದಲ್ಲಿ ಬಿಳಿ ಚಾಕ್ ಎಲ್ಲದರ ಮೇಲೆ ಕೂತಿರುವ ಪುಡಿ. ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಬಿಳಿ ಮಸಿ ಇರುವುದಿಲ್ಲ. ಅದು ನೀಲಿಯನ್ನು ಎಲ್ಲ ಕಡೆ ಬಳಿದು, ಬಿಳಿ ಬೇಕಾದಲ್ಲಿ ಕಾಗದವನ್ನು ಖಾಲಿ ಬಿಡುತ್ತದೆ. ಹಾಗಾಗಿ ಭುಜದ ಮೇಲಿನ ಹೊಳಪು ಮೇಲೆದ್ದು ಬರುವ ಬದಲು ದೋಸೆಯ ತೂತಿನಂತೆ ಒಳಗೆ ಹೋಗುತ್ತದೆ. ನಿಜವಾದ ನೀಲಿ ಕಾಗದ ತಂದು ಹಾಕಿದರೆ ಇನ್ನೂ ಕೆಟ್ಟದು, ಬಿಳಿ ಇರಲೇ ಇರುವುದಿಲ್ಲ. ಮೇಲಾಗಿ ಆ ಕಾಲದ ನೀಲಿ ಕಾಗದ ಬೆಳಕಿಗೆ ಮಾಸಿ ಬೂದಿಗೋ ಹಸಿರುಮಿಶ್ರಿತ ಕಂದಿಗೋ ತಿರುಗಿರುತ್ತದೆ. ಫೈಲಿನಲ್ಲಿ ಕಾಣುವ ಕಂದು ತಪ್ಪೆಂದು ತಿಳಿದು ನೀಲಿಗೆ ತಿದ್ದಲು ಹೋಗಬೇಡಿ. ಮೌಂಟಿನ ಅಡಿ ಮುಚ್ಚಿಕೊಂಡಿದ್ದ ಅಂಚು ಫೋಟೊದಲ್ಲಿದ್ದರೆ ಅಲ್ಲಿ ಮಾತ್ರ ಹಳೆಯ ನೀಲಿ ಗೆರೆಯಷ್ಟು ಉಳಿದಿರುವುದನ್ನು ನೋಡಬಹುದು. ಜೆರಿಕೊ 1816-17ರಲ್ಲಿ ಇಟಲಿಯಲ್ಲಿದ್ದಾಗ ಬಿಡಿಸಿದ ಸೆಂಟಾರ್ (ಅರ್ಧ ಕುದುರೆ), ಸ್ಯಾಟರ್ (ಅರ್ಧ ಆಡು) ಚಿತ್ರಗಳಲ್ಲಿ ಬಿಳಿ ಗೌಶ್ (ದಟ್ಟ ನೀರುಬಣ್ಣ) ಬಳಸಿದ ಹಾಳೆಗಳಿಗೂ ಇದೇ ಮಾತು. ಗೌಶ್ ದಪ್ಪಗೆ ಕೂತು ತನ್ನದೇ ಸಣ್ಣ ನೆರಳು ಬೀಳಿಸುತ್ತದೆ. ಮ್ಯೂಸಿಯಂ ಫೋಟೊಗೆ ಎರಡೂ ಬದಿಯಿಂದ ಸಮಬೆಳಕು ಹಾಕುವುದರಿಂದ ಆ ಉಬ್ಬು ಪೂರ್ತಿ ಚಪ್ಪಟೆಯಾಗುತ್ತದೆ. ಇಂಗ್ಲಿಷ್ ಕಲಾವಿದ ರೊಮ್ನಿಯ ದೊಡ್ಡ ಚಾಕ್ ಚಿತ್ರಗಳ ವಿಷಯದಲ್ಲಂತೂ ಇಂಚಿಗೆ ಸಾಕಷ್ಟು ಪಿಕ್ಸೆಲ್ ಸಿಗದೆ ಗಾತ್ರದ ಲೆಕ್ಕವೇ ಕೈಕೊಡುತ್ತದೆ.

ಪ್ರಿಂಟಿನ ಕಾಗದ ಆರಿಸುವಾಗ ಬಹಳ ಜನ ಕೆನೆಬಣ್ಣದ, ಹಳತಂತೆ ಕಾಣುವ ಕಾಗದಕ್ಕೆ ಕೈಹಾಕುತ್ತಾರೆ. ಕಾಗದದ ಹಳದಿ ಫೈಲಿನಲ್ಲಿ ಆಗಲೇ ಇದೆ. ಕೆನೆಬಣ್ಣದ ಕಾಗದದ ಮೇಲೆ ಅದು ಇಮ್ಮಡಿಯಾಗಿ ಚಿತ್ರ ಚಹಾ ಚೆಲ್ಲಿದ ಬಣ್ಣಕ್ಕೆ ಬರುತ್ತದೆ. ಹೊಳಪಿಲ್ಲದ ಬಿಳಿ ಹತ್ತಿಕಾಗದವೇ ಸರಿ, ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸದ್ದು. ಪಿಗ್ಮೆಂಟ್ ಮಸಿ ಇರುವ ಪ್ರಿಂಟರ್ ಬೇಕು. ಡೈ ಮಸಿಯ ಪ್ರಿಂಟು ಬೆಳಕಿಗೆ ಬೇಗ ಮಾಸುತ್ತದೆ. ಆ ಕಾಗದಕ್ಕೆ ಆ ಪ್ರಿಂಟರಿಗೆ ಇರುವ ಬಣ್ಣದ ಪ್ರೊಫೈಲ್ ಹಾಕಿಸಿ, ಡ್ರೈವರಿನ ವಿವಿಡ್, ಆಟೊ ಎನ್‌ಹ್ಯಾನ್ಸ್ ಎಲ್ಲ ಆಫ್ ಮಾಡಿ. ಶಾರ್ಪನ್ ಮಾಡಲೇಬೇಡಿ, ಕಾಗದದ ನಾರೆಲ್ಲ ಮರಳಿನಂತೆ ಎದ್ದುಬರುತ್ತದೆ. ಪ್ರಿಂಟು ಕಪ್ಪಾಯಿತು ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಪ್ರಿಂಟರಲ್ಲ, ಪರದೆ. ಹೊಳಪನ್ನು ಪೂರ್ತಿ ಏರಿಸಿಟ್ಟು ನೋಡಿದರೆ ಯಾವ ಫೈಲೂ ಬೆಳ್ಳಗೇ ಕಾಣುತ್ತದೆ. ಪರದೆಯ ಹೊಳಪನ್ನು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾಕ್ಕೆ ಇಳಿಸಿ ಹೊಂದಿಸಿ. ಇಡೀ ಹಾಳೆ ತೆಗೆಯುವ ಮೊದಲು 5 ಸೆಂ.ಮೀ. ಅಗಲದ ಪಟ್ಟಿಯೊಂದನ್ನು, ಅತ್ಯಂತ ಕಪ್ಪು ವಾಶ್ ಮತ್ತು ಅತ್ಯಂತ ಬೆಳ್ಳಗಿನ ಜಾಗ ಎರಡೂ ಬರುವಂತೆ ಆರಿಸಿ ತೆಗೆಸಿ. ಅದು ಸರಿಬಂದರೆ ಉಳಿದದ್ದು ಬರುತ್ತದೆ.

ಕಂದು ಕಲೆಗಳನ್ನು, ಮಡಿಕೆಗಳನ್ನು ಅಳಿಸಿ ಚೊಕ್ಕಟ ಮಾಡುವ ಆಸೆ ಬರುತ್ತದೆ. ಬೇಡ. ಕಬ್ಬಿಣದ ಮಸಿ ಹಾಕಿದ ಗೆರೆಯ ಸುತ್ತ ಕಾಣುವ ಕಂದು ಅಂಚು ಕೊಳೆಯಲ್ಲ, ಆ ಮಸಿ ಕಾಗದವನ್ನು ತಿನ್ನುತ್ತಿರುವ ಗುರುತು. ಇಂದು ಕಂದಾಗಿ ಕಾಣುವ ಎಷ್ಟೋ ಗೆರೆಗಳು ಬಿಡಿಸಿದ ದಿನ ಕಪ್ಪಾಗಿದ್ದವು ಎಂದು ಅದರಿಂದಲೇ ಊಹಿಸಬಹುದು.

ನಾಲ್ಕು ಸೇವೆಗಳಲ್ಲೂ ಸಾಮಾನ್ಯವಾಗಿ ಸಿಗದ ಒಂದು ವಸ್ತು, ಹಾಳೆಯ ಹಿಂದಿನಿಂದ ಬೆಳಕು ಹಾಯಿಸಿ ತೆಗೆದ ಫೋಟೊ. ಇಂಗ್ಲೆಂಡಿನಲ್ಲಿ ಬಿಡಿಸಿದ ಚಿತ್ರಗಳಿಗೆ ಇದರ ಬೆಲೆ ದೊಡ್ಡದು. 1794ರ ಕಾನೂನೊಂದರ ನಂತರ ಅಲ್ಲಿನ ಕಾಗದ ತಯಾರಕರು ನೀರಚ್ಚಿನಲ್ಲಿ (ವಾಟರ್‌ಮಾರ್ಕ್, ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ಗುರುತು) ವರ್ಷವನ್ನೂ ಹಾಕತೊಡಗಿದರು. ಜೆ ವಾಟ್‌ಮನ್ ಎಂಬ ಹೆಸರಿನ ಕೆಳಗೆ 1804 ಎಂದಿದ್ದರೆ ಚಿತ್ರ ಅದಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ತಾರೀಖು ಇಲ್ಲದ ಹಾಳೆಗಳ ವಾದ ಬಗೆಹರಿಸುವ ಸಾಕ್ಷಿ ಇದು. ದಾಖಲೆಯಲ್ಲಿ ವಾಟರ್‌ಮಾರ್ಕ್ ಎಂಬ ಸಾಲಿದೆಯೇ ಎಂದು ನೋಡಿ, ಅದಿಲ್ಲದಿದ್ದರೆ ಸಂಗ್ರಹಕ್ಕೇ ಹೋಗಬೇಕು. ಬ್ರಿಟಿಷ್ ಮ್ಯೂಸಿಯಂನ ಮುದ್ರಣ ಮತ್ತು ಚಿತ್ರಗಳ ಅಧ್ಯಯನ ಕೊಠಡಿಯಲ್ಲಿ ನೋಡಲು ಶುಲ್ಕವಿಲ್ಲ. ಮುಂಚೆ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು, ಬೇಕಾದ ಹಾಳೆಗಳ ಮ್ಯೂಸಿಯಂ ನಂಬರುಗಳನ್ನು ಪಟ್ಟಿ ಮಾಡಿ ಕೊಡಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಆ ನಂಬರುಗಳು ವೆಬ್ ದಾಖಲೆಯಲ್ಲೇ ಇವೆ. ಫೈಲ್ ಇಳಿಸುವಾಗಲೇ ಫೈಲಿನ ಹೆಸರಿಗೆ ಅದನ್ನು ಸೇರಿಸಿಟ್ಟುಕೊಳ್ಳಿ.

ಪರವಾನಗಿಯನ್ನೂ ಅಲ್ಲೇ ಬರೆದಿಡಿ. ಮೆಟ್‌ನ ಸಿಸಿ ಝೀರೋ ಫೈಲಿನಿಂದ ಪೋಸ್ಟರ್ ಮಾಡಿ ಮಾರಿದರೂ ಕೇಳುವವರಿಲ್ಲ. ಬ್ರಿಟಿಷ್ ಮ್ಯೂಸಿಯಂನದು ಹಾಗಲ್ಲ: ಹೆಸರು ಹಾಕಬೇಕು, ವ್ಯಾಪಾರಕ್ಕೆ ಬಳಸುವಂತಿಲ್ಲ, ಅದರಿಂದ ಮಾಡಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಮನೆಯ ಗೋಡೆಗೆ, ತರಗತಿಗೆ ತೊಂದರೆಯಿಲ್ಲ. ಪುಸ್ತಕದ ಮುಖಪುಟಕ್ಕೆ ಹಾಕುವ ಯೋಚನೆಯಿದ್ದರೆ ಯೇಲ್ ಅಥವಾ ಮೆಟ್‌ನಲ್ಲಿ ಅದೇ ದೃಶ್ಯದ ಬೇರೆ ಹಾಳೆ ಇದೆಯೇ ಎಂದು ಮೊದಲು ಹುಡುಕಿ.